ಸಿಂಧಘಟ್ಟದ ಸೋಮಮ್ಮನ ಪಟ್ಟು

ಸಿಂಧಘಟ್ಟದ ಹಾಲಿನ ಡೈರಿಯಲ್ಲಿ ಸರದಿ ತಪ್ಪಿಸಿ ಕ್ಯಾನು ಮುಂದಿಡುವವರಿಗೆ ಸೋಮಮ್ಮನ ಭಯವಿತ್ತು. ಹಿಂದಿನಿಂದ "ಯಾವನ್ಲಾ ಅದು?" ಎಂದು ಒಂದು ಸಲ ಅಂದರೆ ಸಾಕು, ಕ್ಯಾನು ತೆಪ್ಪಗೆ ಹಿಂದಕ್ಕೆ ಹೋಗುತ್ತಿತ್ತು. ಐವತ್ತು ದಾಟಿದ ಹೆಂಗಸು. ಎರಡು ಸೀಮೆಹಸು, ಕೆರೆ ಕೆಳಗೆ ಒಂದಿಷ್ಟು ಗದ್ದೆ, ಗಂಡ ಚಿಕ್ಕಸ್ವಾಮಿ, ಮಗ ರವೀಂದ್ರ, ಸೊಸೆ ರಮ್ಯ. ಮನೆಯಲ್ಲಿ ಮಾತೆಲ್ಲ ಅವಳದೇ. ಚಿಕ್ಕಸ್ವಾಮಿ ಹೂಂಗುಟ್ಟುವ ಪೈಕಿ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಲು ಕರೆಯುತ್ತಿದ್ದಾಗ ಅವಳ ಬಲಗೈ ಕೆಚ್ಚಲಿನಿಂದ ಜಾರಿತು. ಮತ್ತೆ ಹಿಡಿಯಲು ನೋಡಿದಳು. ಕೈ ತನ್ನದಲ್ಲವೆಂಬಂತೆ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಸೊಸೆಯನ್ನು ಕೂಗಿದಳು. ರಮ್ಯ ಓಡಿ ಬಂದು ನೋಡಿದರೆ ಅತ್ತೆಯ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಹೊರಗೆ ಬರುತ್ತಿದ್ದದ್ದು "ಬಾ... ಬಾ..." ಎಂಬ ಒಂದೇ ಸದ್ದು.

"ಮಾವ, ಬಿರ್ನೆ ಆಸ್ಪತ್ರೆಗೆ ಓಗಣ," ಎಂದಳು ರಮ್ಯ.

"ಇದು ಲಕ್ವ ಕಣವ್ವ. ಇದ್ಕೆ ಆಸ್ಪತ್ರೆ ಔಸ್ದಿ ಇಡಿಯಕಿಲ್ಲ. ನಾಗಮಂಗ್ಲದ ಕಡೆ ಸೊಪ್ಪಿನ್ ಔಸ್ದಿ ಕೊಡೋರು ಒಬ್ರವ್ರೆ," ಎಂದ ಚಿಕ್ಕಸ್ವಾಮಿ. ನೆಂಟರಲ್ಲಿ ಯಾರಿಗೋ ಅದರಿಂದ ಗುಣವಾಗಿತ್ತಂತೆ. ರವೀಂದ್ರ ಕಾರು ಗೊತ್ತುಮಾಡಿ ತಂದ. ಸೊಪ್ಪಿನ ರಸ ಹಿಂಡಿಸಿಕೊಂಡು, ಅಲ್ಲಿ ಕಾದು, ಸೋಮಮ್ಮ ಎಚ್ಚರ ತಪ್ಪತೊಡಗಿದ ಮೇಲೆ ಗಾಬರಿಯಾಗಿ ಮೈಸೂರಿಗೆ ಹೊರಟರು. ದೊಡ್ಡಾಸ್ಪತ್ರೆ ತಲುಪಿದಾಗ ಸಂಜೆಯಾಗಿತ್ತು.

ಸ್ಕ್ಯಾನಿಂಗ್ ನೋಡಿದ ಡಾಕ್ಟರು ಬೈಯಲಿಲ್ಲ. "ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಆದ ತಕ್ಷಣ ಬಂದಿದ್ದರೆ ಅದನ್ನು ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು. ಈಗ ಆ ಹೊತ್ತು ಮೀರಿದೆ," ಎಂದರು. ಚಿಕ್ಕಸ್ವಾಮಿ ಹೆಗಲ ಟವಲಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದ.

ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ಮನೆಗೆ ತಂದು ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದರು. ನೋಡಲು ಬಂದವರೆಲ್ಲ ರಮ್ಯಳ ಜೊತೆ ಮಾತಾಡುತ್ತಿದ್ದರೇ ಹೊರತು ಸೋಮಮ್ಮನ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ. ಮಾತು ಹೋದವಳಿಗೆ ಕಿವಿಯೂ ಬುದ್ಧಿಯೂ ಹೋಗಿವೆ ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು. ಒಂದು ದಿನ ಪಕ್ಕದ ಮನೆಯ ಚಿಕ್ಕಬೋರಮ್ಮ ಮಂಚದ ಪಕ್ಕದಲ್ಲೇ ಕೂತು, "ಎಂಗಿದ್ದೋಳು ಎಂಗಾಗೋದ್ಲು. ಇಂಗೆ ಬಿದ್ದಿರೋ ಬದ್ಲು ದೇವ್ರು ಕರ್ಕೊಂಡಿದ್ರೇ ಚಂದಾಗಿತ್ತು ಕಣವ್ವ," ಎಂದಳು.

ಸೋಮಮ್ಮ ಎಡಗೈ ಚಾಚಿ ನೀರಿನ ಲೋಟ ತೆಗೆದು ಬೀಸಿದಳು. ಅದು ಚಿಕ್ಕಬೋರಮ್ಮನ ಕಿವಿಯ ಪಕ್ಕ ಹಾದು ಬಾಗಿಲಿಗೆ ಬಡಿಯಿತು.

ಚಿಕ್ಕಬೋರಮ್ಮ ಎದ್ದು ಹೋದಳು. ರಮ್ಯ ನಗಬೇಕೋ ಅಳಬೇಕೋ ತಿಳಿಯದೆ ಮಂಚದ ಮೇಲೆ ಕೂತಳು. "ನಿಮ್ಗೆ ಎಲ್ಲಾ ಅರ್ತ ಆಯ್ತದೆ, ಅಲ್ವಾ ಅತ್ತೆ?"

ಸೋಮಮ್ಮನ ಕಣ್ಣಿಂದ ನೀರು ಇಳಿಯಿತು. ಹೌದೆಂದು ತಲೆ ಆಡಿಸಿದಳು. ಆವತ್ತಿನಿಂದ ಯಾರೂ ಅವಳಿಗೆ ತುತ್ತು ಇಡುವ ಹಾಗಿರಲಿಲ್ಲ. ಎಡಗೈಯಲ್ಲೇ ಮುದ್ದೆ ಮುರಿದು, ಸೀರೆಯ ಮೇಲೆಲ್ಲ ಸಾರು ಚೆಲ್ಲಿಕೊಂಡು ಉಂಡಳು.

ಮಂಡ್ಯದಲ್ಲಿ ಕೈಕಾಲಿಗೆ ವ್ಯಾಯಾಮ ಕಲಿಸುತ್ತಾರೆಂದು ಕೇಳಿ ರಮ್ಯ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಊರಿಂದ ಕೆ.ಆರ್. ಪೇಟೆಗೆ ಆಟೋ, ಅಲ್ಲಿಂದ ಬಸ್ಸು. ಮೆಟ್ಟಿಲು ಹತ್ತಿಸಲು ಕಂಡಕ್ಟರೂ ಕೈ ಕೊಡಬೇಕಿತ್ತು. ಫಿಸಿಯೋಥೆರಪಿ ಮಾಡಿಸುವ ಕೀರ್ತನ ಇನ್ನೂ ಚಿಕ್ಕ ವಯಸ್ಸಿನವಳು. ಸೋಮಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಈ ಕೈಗೆ ಏನೂ ಆಗಿಲ್ಲಮ್ಮ. ಇದನ್ನು ಆಡಿಸೋದು ಹೇಗೆ ಅಂತ ಮೆದುಳಿಗೆ ಮರೆತುಹೋಗಿದೆ. ದಿನಾ ಕಲಿಸಬೇಕು," ಎಂದಳು. ಈ ಮಾತು ಸೋಮಮ್ಮನಿಗೆ ಹಿಡಿಸಿತು. ಅಲ್ಲಿಯವರೆಗೆ ಯಾರೂ ಅವಳಿಗೆ ಮಾಡುವುದಕ್ಕೆ ಕೆಲಸ ಅಂತ ಏನೂ ಕೊಟ್ಟಿರಲಿಲ್ಲ.

ಮನೆಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಎದ್ದಳು, ಬಿದ್ದಳು, ಮತ್ತೆ ಎದ್ದಳು. ಕೊಟ್ಟಿಗೆಯವರೆಗೆ ಕೋಲೂರಿ ನಡೆದ ದಿನ ಹಸುವಿನ ಕೊರಳು ತಬ್ಬಿಕೊಂಡು ಬಹಳ ಹೊತ್ತು ನಿಂತಿದ್ದಳು.

ಮಂಡ್ಯದ ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಪಾಂಡವಪುರದವರಿದ್ದರು, ಶ್ರೀರಂಗಪಟ್ಟಣದ ಕಡೆಯವರಿದ್ದರು. ನಾಲ್ಕು ವಾರ ಬಂದು ಐದನೆಯ ವಾರಕ್ಕೆ ಕಾಣದೆ ಹೋಗುವವರೇ ಹೆಚ್ಚು. ಸಿಂಧಘಟ್ಟಕ್ಕೆ ಹತ್ತಿರದ ಸಂತೆಯೂರಿನ ಅಕ್ಕಸಾಲಿ ಚಂದ್ರಶೇಖರಾಚಾರಿಯೂ ಹಾಗೇ ಬರುವುದನ್ನು ಬಿಟ್ಟ. ಚಿಮಟ ಹಿಡಿಯುವ ಬಲಗೈ ಅವನಿಗೂ ಬಿದ್ದುಹೋಗಿತ್ತು. ಒಂದು ದಿನ ವಾಪಸು ಬರುವಾಗ ಸೋಮಮ್ಮ ಸೊಸೆಯ ಸೆರಗು ಜಗ್ಗಿ, ತನ್ನ ಕಿವಿಯ ಓಲೆ ಮುಟ್ಟಿ ಮುಟ್ಟಿ ತೋರಿಸಿದಳು. ರಮ್ಯಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಆಚಾರ್ರ ಮನೆಗಾ ಅತ್ತೆ? ಆಯ್ತು ನಡೀರಿ."

ಚಂದ್ರಶೇಖರ ಗೋಡೆ ಕಡೆಗೆ ತಿರುಗಿ ಮಲಗಿದ್ದ. ಭುಜ ಮರಗಟ್ಟಿತ್ತು. ಬೆನ್ನಲ್ಲಿ ಹುಣ್ಣಾಗಿತ್ತು. ಅವನ ಹೆಂಡತಿ ವೀಣ ಬಾಗಿಲಲ್ಲೇ ಅತ್ತುಬಿಟ್ಟಳು. "ಬಸ್ಸತ್ಸೋಕೆ ಇಬ್ರು ಬೇಕು ಕಣಕ್ಕ. ನಾನೊಬ್ಳೇ ಎಲ್ಲಿ ಒತ್ಕೊಂಡೋಗ್ಲಿ? ಇವ್ರೂ ಸಾಕು ಬುಡು ಅಂದ್ಬುಟ್ರು."

ಸೋಮಮ್ಮ ಅವನ ಪಕ್ಕ ಕೂತು, ತನ್ನ ಎಡಗೈಯಿಂದ ಅವನ ಬಲಗೈ ಎತ್ತಿದಳು. ಅವನು ನೋವಿಗೆ ಚೀರಿದ. ಕೈ ಇಳಿಸಿ, ನೋವು ಇಳಿಯಲು ಬಿಟ್ಟು, ಕೀರ್ತನ ತೋರಿಸಿದ್ದ ಹಾಗೆ ಮೆಲ್ಲಗೆ ಮತ್ತೆ ಎತ್ತಿದಳು. ಈ ಸಲ ಅವನು ಅವಳ ಕಡೆ ತಿರುಗಿ ನೋಡಿದ.

ಆಟೋದಲ್ಲಿ ಮನೆಗೆ ಬರುವಾಗ ಅವಳ ಬಾಯಿ ಏನನ್ನೋ ಹುಡುಕುತ್ತಿತ್ತು. ಕೊನೆಗೆ ಒಂದೊಂದೇ ಮಾತು ಬಂತು. "ಇಲ್ಲೇ... ಇಲ್ಲೇ ಬೇಕು... ಮಂಡ್ಯ... ಬ್ಯಾಡ."

ಸಂತೆಯೂರಿನಲ್ಲಿ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಿತ್ತು. ಅಲ್ಲಿಗೇ ವ್ಯಾಯಾಮ ಕಲಿಸುವವರು ಬಂದರೆ ಸುತ್ತಲ ಹಳ್ಳಿಯವರು ಮಲಗಿದಲ್ಲೇ ಕೊಳೆಯಬೇಕಾಗಿಲ್ಲ ಎಂಬುದು ಅವಳ ಲೆಕ್ಕ. ಅಧಿಕಾರಿಗಳು ಜನರ ಅಹವಾಲು ಕೇಳುವ ಸಭೆ ಕೆ.ಆರ್. ಪೇಟೆಯಲ್ಲಿ ನಡೆದಾಗ ಸೊಸೆಯ ಜೊತೆ ಹೋದಳು. ಸರದಿ ಬಂದಾಗ ಸಾಹೇಬರು ರಮ್ಯಳನ್ನು ನೋಡಿ, "ನೀವು ಹೇಳಮ್ಮ, ಅವರಿಗ್ಯಾಕೆ ತೊಂದರೆ," ಎಂದರು.

ಸೋಮಮ್ಮ ಕೋಲನ್ನು ಕುರ್ಚಿಗೆ ಒರಗಿಸಿ, ಸೊಸೆಯ ಕೈಯಿಂದ ಮೈಕು ಕಿತ್ತುಕೊಂಡಳು. "ನಾ... ನಾನು... ಮಾತಾಡ್ತೀನಿ."

ಸಭೆಯಲ್ಲಿ ಗುಸುಗುಸು ಶುರುವಾಯಿತು. ಹಿಂದಿನಿಂದ ಯಾರೋ, "ಬಿರ್ನೆ ಮುಗಿಸ್ರವ್ವ," ಎಂದರು. ಅವಳು ಸೊಸೆಯ ಹೆಗಲಿಗೆ ಒರಗಿದಳು. ಆದರೂ ಕೂರಲಿಲ್ಲ. "ಕೈ... ಬತ್ತದೆ ಸ್ವಾಮಿ. ಕಾಲು... ಬತ್ತದೆ. ಕಲಿಸ್ಬೇಕು. ದೂರ... ಆಗಕಿಲ್ಲ. ಮಲಗ್ಬುಟ್ಟವ್ರೆ... ಜನ... ಮಲಗ್ಬುಟ್ಟವ್ರೆ."

ಗುಸುಗುಸು ನಿಂತಿತು. ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದರು. ಆದರೂ ಸಣ್ಣ ಆಸ್ಪತ್ರೆಗೆ ಅಂಥ ಹುದ್ದೆಯೇ ಇಲ್ಲ, ನೋಡೋಣ ಎಂದರು.

ಮುಂದಿನ ಸಭೆಗೂ ಹೋದಳು, ಅದರ ಮುಂದಿನದಕ್ಕೂ. ಅಷ್ಟರಲ್ಲಿ ವೀಣಳೂ ಜೊತೆಯಾದಳು. ಕೋಲು ಹಿಡಿದವರು, ಮಕ್ಕಳ ಹೆಗಲಿಗೆ ಒರಗಿದವರು, ಕುರ್ಚಿಯಲ್ಲಿ ಹೊರಿಸಿಕೊಂಡವರು ಬಂದು ಮುಂದಿನ ಸಾಲಿನಲ್ಲಿ ಕೂತರು. ಚಂದ್ರಶೇಖರನೂ ಬಂದಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು: ವಾರಕ್ಕೆ ಎರಡು ದಿನ ಕೀರ್ತನ ಸಂತೆಯೂರಿಗೆ ಬರುವುದು. ಆಸ್ಪತ್ರೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದರು. ಹಿಡಿದು ನಡೆಯುವ ಕಂಬಿಗಳನ್ನು ಚಂದ್ರಶೇಖರನ ದಾಯಾದಿ, ಕಮ್ಮಾರ ಸುರೇಂದ್ರ, ಮಾಡಿಕೊಟ್ಟ.

ಅಲ್ಲಿಗೆ ನಿಲ್ಲಿಸುವ ಹೆಂಗಸಲ್ಲ ಅವಳು. ಬೆಳಗ್ಗೆ ಡೈರಿ ತೆರೆಯುವ ಹೊತ್ತಿಗೆ ಸುತ್ತಲ ಊರುಗಳಿಗೆ ಹೋಗತೊಡಗಿದಳು. ಸ್ಕೂಟರ್ ಓಡಿಸುವವನು ಚಿಕ್ಕಸ್ವಾಮಿ. ಕ್ಯಾನು ಹಿಡಿದು ನಿಂತವರೆದುರು ತನ್ನ ಬಾಯಿ, ಕೈ ತೋರಿಸಿ, "ಬಾಯಿ ಇಂಗಾದ್ರೆ... ಕೈ ಬಿದ್ರೆ... ಮಾತು ತೊದ್ಲುದ್ರೆ... ಸೊಪ್ಪು ಬ್ಯಾಡ. ಸ್ಕ್ಯಾನಿಂಗ್ ಇರೋ... ಆಸ್ಪತ್ರೆ. ಆಗ್ಲೇ," ಎನ್ನುತ್ತಾಳೆ. ಆಮೇಲೆ ಚಿಕ್ಕಸ್ವಾಮಿ ಮುಂದೆ ಬಂದು, "ನಾನು ಸೊಪ್ಪಿಗೆ ಓಗಿ ಇವ್ಳ ಕೈ ಕಳ್ದೆ. ನೀವು ಅಂಗ್ ಮಾಡ್ಬ್ಯಾಡಿ ಕಣ್ರಪ್ಪ," ಎನ್ನುತ್ತಾನೆ. ಹೂಂಗುಟ್ಟುವುದರಾಚೆಗೆ ಅವನು ಇಷ್ಟು ಮಾತಾಡಿದ್ದನ್ನು ಊರು ಕಂಡಿರಲಿಲ್ಲ.

ಮೇಲುಕೋಟೆ ತಪ್ಪಲಿನ ಒಂದು ಊರಿನಲ್ಲಿ ಈ ಮಾತು ಕೇಳಿದ್ದ ಪುಟ್ಟಲಕ್ಷ್ಮಮ್ಮ ಎಂಬಾಕೆ, ಗಂಡನ ಬಾಯಿ ಸೊಟ್ಟಗಾದ ತಕ್ಷಣ ನೆರೆಯವರ ಕಾರಿನಲ್ಲಿ ಕೂರಿಸಿಕೊಂಡು ನೆಟ್ಟಗೆ ಮೈಸೂರಿಗೆ ಹೋದಳು. ಇಂಜೆಕ್ಷನ್ ಸಿಕ್ಕಿತು. ಆತ ನಡೆದುಕೊಂಡೇ ಮನೆಗೆ ಬಂದ.

ಚಂದ್ರಶೇಖರನಿಗೆ ಸಣ್ಣ ಕುಸುರಿ ಕೆಲಸ ಇನ್ನೂ ಆಗುವುದಿಲ್ಲ. ಅಂಗಡಿಯಲ್ಲಿ ಕೂತು ಹರಳು ಆರಿಸುತ್ತಾನೆ. ಸೋಮಮ್ಮನ ಬೆರಳುಗಳು ಅರ್ಧ ಮಡಚುತ್ತವೆ. ಹಾಲು ಕರೆಯುವಷ್ಟು ಬಿಗಿ ಬಂದಿಲ್ಲ.

ಕೋಣೆ ಶುರುವಾದ ದಿನ ಬಂದಿದ್ದ ಸಾಹೇಬರು ನಗುತ್ತಾ, "ಈಗ ಸಮಾಧಾನವಾಯ್ತಾ ತಾಯಿ?" ಎಂದು ಕೇಳಿದ್ದರು.

ಸೋಮಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ತುಟಿಯ ಮೇಲೆ ಬೆರಳಿಟ್ಟು, "ಮಾತು ಕಲಿಸೋರು... ಯಾವಾಗ ಬತ್ತಾರೆ?" ಎಂದಳು.

ಅದಕ್ಕಿನ್ನೂ ಯಾರೂ ಬಂದಿಲ್ಲ. ಅವಳು ಸಭೆಗೆ ಹೋಗುವುದನ್ನು ಬಿಟ್ಟಿಲ್ಲ.