ಕೇಳಿ ಬಡಿಸುವ ಅಕ್ಕೋರು

ಮಧ್ಯಾಹ್ನದ ಹೊತ್ತಿಗೆ ಅಕ್ಕೋರ ಹಣೆಯ ಮೇಲೆ ವಿಭೂತಿ ಯಾವುದು, ಚಾಕ್‌ಪೀಸಿನ ಪುಡಿ ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಬಂದು ನಿಂತಾಗ ಮೂರು ಬೆರಳಿನ ಗೆರೆ ಅಚ್ಚುಕಟ್ಟಾಗಿ ಇರುತ್ತಿತ್ತು. ಆಮೇಲೆ ತಗಡಿನ ಸೂರಿನ ಕೆಳಗೆ ಒಂದರ ಹಿಂದೊಂದು ಗಣಿತದ ಪಿರಿಯಡ್ಡು. ಬೆವರು ಒರೆಸಿಕೊಳ್ಳಲು ಅವರು ಎತ್ತುತ್ತಿದ್ದುದು ಚಾಕ್‌ಪೀಸ್ ಹಿಡಿದ ಕೈಯನ್ನೇ. ಊಟದ ಗಂಟೆ ಹೊಡೆಯುವಷ್ಟರಲ್ಲಿ ಹಣೆಯಿಂದ ಕಿವಿಯ ತನಕ ಬೆಳ್ಳಗೆ ಬಳಿದುಕೊಂಡಿರುತ್ತಿತ್ತು. ಮಕ್ಕಳು ಕಿಸಕ್ಕನೆ ನಕ್ಕರೆ, "ನಗ್ರಿ ನಗ್ರಿ. ಎರಡೂ ಬೆಳ್ಳಗದಾವು, ಎರಡೂ ದೇವರವ," ಎನ್ನುತ್ತಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತೇವೆ. ನಮ್ಮೂರ ಮಠದ ಶಾಲೆಯಲ್ಲಿ ಬೇರೆ ಅಕ್ಕೋರೂ ಇದ್ದರು. ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಬರೀ 'ಅಕ್ಕೋರು' ಎಂದರೆ ಈ ಒಬ್ಬರೇ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುನವಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಖಾನಾವಳಿ ಇದೆ. ಬಿ.ಎ. ಮಾಡಿದ್ದೇನೆ. ಡಿಗ್ರಿಗೆ ಸಿಗದ ಮರ್ಯಾದೆ ಜೋಳದ ರೊಟ್ಟಿಗೆ ಸಿಕ್ಕಿತು, ಅದಕ್ಕೆ ನನಗೇನೂ ಬೇಜಾರಿಲ್ಲ. ನನ್ನ ಖಾನಾವಳಿಯಲ್ಲಿ 'ಸಾಕು' ಎನ್ನುವ ಮಾತಿಗೆ ಕಿಮ್ಮತ್ತಿರಲಿಲ್ಲ. ಉಣ್ಣುವವರು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರೆ, ಅದರ ಕೆಳಗಿಂದ ತೂರಿಸಿ ಇನ್ನೊಂದು ರೊಟ್ಟಿ ಹಾಕುವವಳು ನಾನು. ನಮ್ಮ ಸೀಮೆಯ ರೀತಿಯೇ ಹಾಗೆ. ಬೀಗರು ಮೊದಲು ಬೇಡ ಎನ್ನಬೇಕು, ನಾವು ಹಾಕಬೇಕು, ಅವರು "ಏ, ಏನ್ರಿ ಇದು!" ಎಂದು ಬೈಯುತ್ತ ಉಣ್ಣಬೇಕು. ಒಂದು ಸಲ ಬೇಡ ಎಂದದ್ದಕ್ಕೇ ಸುಮ್ಮನಾಗುವ ಮನೆಗೆ ಯಾರಾದರೂ ಹೆಣ್ಣು ಕೊಡುತ್ತಾರೆಯೇ?

ಇದೇ ಕೈಯಿಂದ ಮಗಳನ್ನೂ ಓದಿಸಲು ಹೊರಟಿದ್ದೆ. ಒಬ್ಬಳೇ ಮಗಳು. ಹೆಸರು ಸೌಮ್ಯ, ಹೆಸರಿನಂತೆಯೇ ಮೆತ್ತಗಿನ ಹುಡುಗಿ, ನನ್ನ ಗುಣ ಒಂದೂ ಬಂದಿಲ್ಲ. ದೂರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಳದಿ ಬಸ್ಸಿನಲ್ಲಿ ಹೋಗುತ್ತಿದ್ದಳು. ಅಲ್ಲಿ ಪ್ರತಿ ವಿಷಯಕ್ಕೂ ಪ್ರತಿದಿನ ಹೋಂವರ್ಕು. ಅದು ಸಾಲದೆಂದು ನನ್ನದೂ ಒಂದಿಷ್ಟು ಇರುತ್ತಿತ್ತು. "ಇನ್ನೊಂದು ಲೆಕ್ಕ ಮಾಡು, ನನ್ನವ್ವ. ಇದೊಂದ ಮಾಡು." ಆರನೆಯ ಇಯತ್ತೆಗೆ ಬಂದಾಗ ಬೆಳಿಗ್ಗೆ ಚೀಲ ಹೆಗಲಿಗೇರಿಸಿದ ಕೂಡಲೇ ವಾಂತಿ ಮಾಡಿಕೊಳ್ಳಲು ಶುರು ಮಾಡಿದಳು. ಸವದತ್ತಿಯ ಡಾಕ್ಟರು ಹೊಟ್ಟೆ ಒತ್ತಿ ಒತ್ತಿ ನೋಡಿ, "ಹೊಟ್ಟಿ ಚಲೋ ಐತ್ರಿ. ಬ್ಯಾನಿ ಪಾಟೀಚೀಲದಾಗ ಐತಿ," ಎಂದರು. ಆಮೇಲೆ ಬರೆಯುವುದೇ ನಿಂತಿತು. ಪೆನ್ಸಿಲು ಹಿಡಿದು ಕೂರುತ್ತಿದ್ದಳು, ಬೆರಳ ತುದಿ ಬಿಳಿಚಿಕೊಳ್ಳುತ್ತಿತ್ತು, ಹಾಳೆಯ ಮೇಲೆ ಒಂದು ಅಕ್ಷರವೂ ಇಳಿಯುತ್ತಿರಲಿಲ್ಲ. ಈ ಹುಡುಗಿ ಮತ್ತೆ ಬರೆಯುತ್ತಾಳೋ ಇಲ್ಲವೋ ಎಂಬುದೊಂದೇ ಆ ವರ್ಷ ನಮ್ಮ ಮನೆಯ ಚಿಂತೆ. ನನ್ನ ಗಂಡ, ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವವರು, ಎಂದೂ ಎದುರಾಡದವರು, ಅಂದು ಗಟ್ಟಿಯಾಗಿ ಹೇಳಿದರು: "ಸಾಕು. ಮಠದ ಸಾಲಿಗೆ ಹಾಕೂಣು." ನಡುವರ್ಷದಲ್ಲೇ ಹಾಕಿದೆವು.

ಮೊದಲ ದಿನ ಸೌಮ್ಯ ನನ್ನ ಸೆರಗು ಬಿಡಲಿಲ್ಲ. ಅದಕ್ಕೇ ನಾನು ಇಡೀ ದಿನ ವರ್ಗದ ಹೊರಗೆ, ಕಟ್ಟೆಯ ಮೇಲೆ ಕೂತಿದ್ದೆ. ಹೀಗಾಗಿ ಅಕ್ಕೋರು ಕೆಲಸ ಮಾಡುವ ರೀತಿಯನ್ನು ಕಣ್ಣಾರೆ ಕಂಡೆ.

ಅದು ಮಠದ ಶಾಲೆ, ಫೀ ಇಲ್ಲ. ಪ್ರಾರ್ಥನೆ, ವಿಭೂತಿ, ಮಧ್ಯಾಹ್ನ ದಾಸೋಹದ ಮನೆಯಲ್ಲಿ ಪ್ರಸಾದ, ಎಲ್ಲ ಇತ್ತು. ಪ್ರಸಾದಕ್ಕೆ ಒಂದು ಕಟ್ಟಳೆ. ಬಡಿಸುವವರು ಕೇಳಿ ಬಡಿಸಬೇಕು, ಬೇಕಾದಷ್ಟು ಹಾಕಿಸಿಕೊಳ್ಳಬಹುದು, ಹಾಕಿಸಿಕೊಂಡ ಮೇಲೆ ಒಂದು ಅಗುಳೂ ಬಿಡುವಂತಿಲ್ಲ. ಉಂಡ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯಬೇಕು. ಇದು ಮಠಗಳಲ್ಲಿ ಇದ್ದದ್ದೇ, ಹೊಸದೇನಲ್ಲ. ಅಕ್ಕೋರು ಮಾತ್ರ ಈ ಕಟ್ಟಳೆಯನ್ನು ಗಣಿತದ ವರ್ಗಕ್ಕೂ ತಂದಿದ್ದರು.

ವರ್ಗದಲ್ಲಿ ಮಾಡುವ ಲೆಕ್ಕ ಎಲ್ಲರಿಗೂ ಒಂದೇ. ಬೋರ್ಡಿನ ಮೇಲೆ ಬರೆದು, ಎಲ್ಲರೂ ಕೂಡಿ, ಗದ್ದಲ ಮಾಡಿಕೊಂಡು ಬಿಡಿಸುತ್ತಿದ್ದರು. ಕೊನೆಗೆ ಮನೆಗೆ ಕೊಡುವ ಲೆಕ್ಕಗಳನ್ನು ಬೋರ್ಡಿನ ತುಂಬ ಬರೆದು, ಸಾಲಿನ ನಡುವೆ ನಡೆಯುತ್ತ, ಪ್ರತಿಯೊಂದು ಮಗುವಿನ ಮುಂದೆ ನಿಂತು, ದಾಸೋಹದ ಮನೆಯ ಧಾಟಿಯಲ್ಲೇ ಕೇಳುತ್ತಿದ್ದರು:

"ನಿನಗೆಷ್ಟು ಹಾಕ್ಲಿ?"

"ಮೂರು ಹಾಕ್ರಿ, ಅಕ್ಕೋರ."

"ನನಗ ಐದ್ರಿ."

"ನನಗ ಹತ್ರಿ!" ಎಂದ ಒಬ್ಬ ಜಂಭದ ಹುಡುಗ. ಅಕ್ಕೋರು ಅವನನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟಿ ನೋಡ್ಕೊಂಡ ಹಾಕಿಸ್ಕೊ, ತಮ್ಮಾ. ತಾಟಿನ್ಯಾಗ ಉಳೀಬಾರದು," ಎಂದರು. ವರ್ಗವೆಲ್ಲ ನಕ್ಕಿತು. ಅವನು ಆರಕ್ಕೆ ಇಳಿದ.

ಹಾಗೇ ಸೌಮ್ಯಳ ಮುಂದೆ ಬಂದರು. ನಾನು ಕಟ್ಟೆಯಿಂದ ಅರ್ಧ ಎದ್ದು ನಿಂತೆ. "ನಿನಗೆಷ್ಟು ಹಾಕ್ಲಿ, ಅವ್ವಿ?" ಸೌಮ್ಯ ತಲೆ ಅಲ್ಲಾಡಿಸಿದಳು. ಬೇಡ.

"ಆತು. ನಾಳಿ ಮತ್ತ ಕೇಳ್ತೇನಿ," ಎಂದು ಅಕ್ಕೋರು ಮುಂದಿನ ಹುಡುಗಿಯ ಹತ್ತಿರ ಹೋದರು. ಸಿಟ್ಟಿಲ್ಲ, ಕನಿಕರವಿಲ್ಲ, ಹೊಸ ಹುಡುಗಿ ಎಂಬ ವಿಶೇಷವೂ ಇಲ್ಲ.

ಅಂದು ಸಂಜೆ ನನ್ನನ್ನು ಬದಿಗೆ ಕರೆದು ಒಂದೇ ಮಾತು ಹೇಳಿದರು: "ಮನ್ಯಾಗ ನೀವು ಹೋಂವರ್ಕ್ ಸುದ್ದಿ ತಗೀಬ್ಯಾಡ್ರಿ. ಕೇಳಾಕ ನಾ ಅದೀನಿ." ನನ್ನ ಗಂಡನಿಗೆ ಇದನ್ನು ಹೇಳಿದರೆ, "ನಿನ್ನ ಬಾಯಿಗೆ ರಜಾ ಕೊಟ್ರಲ್ಲ! ಅಕ್ಕೋರಿಗೆ ಒಂದು ಇಳಕಲ್ ಸೀರಿ ಉಡಸಬೇಕು," ಎಂದು ನಕ್ಕರು. ಅವರಿಗೆ ನಗು, ನನಗೆ ಸಂಕಟ. ಸುಮ್ಮನಿರುವುದೆಂದರೆ ನನಗೆ ಕಾದ ಹಂಚಿನ ಮೇಲೆ ಕೂತ ಹಾಗೆ. ಎಷ್ಟೋ ಸಂಜೆ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ರೊಟ್ಟಿ ಬಡಿದು ಬಡಿದು ನುಂಗಿದ್ದೇನೆ. ಆ ದಿನಗಳಲ್ಲಿ ನನ್ನ ರೊಟ್ಟಿ ಬಹಳ ತೆಳ್ಳಗಾಗುತ್ತಿದ್ದವು ಎಂದು ಗಿರಾಕಿಗಳು ಹೊಗಳಿದರು.

ವಾಂತಿ ನಿಂತಿತು. ಸೌಮ್ಯ ಖುಷಿಯಿಂದ ಶಾಲೆಗೆ ಹೋದಳು, ಬಂದಳು. ಆದರೆ ವಾರದ ಮೇಲೆ ವಾರ ಹೋದರೂ ಮಗಳು ಒಂದಕ್ಷರ ಬರೆಯಲಿಲ್ಲ. ಪರೀಕ್ಷೆ ಹತ್ತಿರ ಬಂತು. ಕೊನೆಗೆ ಒಂದು ದಿನ ನನ್ನ ತಾಳ್ಮೆ ತೀರಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರ ಮಠಕ್ಕೆ ನಡೆದೆ. ದಾರಿಯುದ್ದಕ್ಕೂ ಬೈಗುಳವನ್ನು ಹದ ಮಾಡಿಕೊಂಡೇ ಹೋದೆ.

ಊಟದ ಹೊತ್ತು. ಅಕ್ಕೋರು ದಾಸೋಹದ ಮನೆಯ ಬಾಗಿಲಲ್ಲಿ ನಿಂತಿದ್ದರು. "ಏನ್ರಿ ಅಕ್ಕೋರ, ಫೀ ಇಲ್ಲಂದ್ರ ಓದೂ ಇಲ್ಲೇನ್ರಿ? ದಿನಾ ಕೇಳ್ತೀರಿ, ಆಕಿ ಬ್ಯಾಡ ಅಂತಾಳ, ನೀವು ಹೋಗ್ತೀರಿ. ಇದ್ಯಾವ ಕಲಿಸೂದ್ರಿ?" ಎಂದೆ. ಪುಡಿ ಮೆತ್ತಿದ ಹಣೆಯ ಕೆಳಗಿಂದ ಅವರ ಕಣ್ಣು ನನ್ನನ್ನು ನೋಡಿ ನಕ್ಕವು.

"ಊಟ ಆಗೇತೇನ್ರಿ?"

"ಊಟ ಯಾರಿಗೆ ಬೇಕಾಗೇತ್ರಿ!"

"ಮೊದಲ ಕುಂತ್ಕೊರ್ರಿ. ಪ್ರಸಾದ ಆಗಲಿ, ಆಮ್ಯಾಲೆ ಜಗಳ. ಹಸಗೊಂಡು ಜಗಳಾಡಿದ್ರ ದನಿ ಬರೂದಿಲ್ಲ."

ಮಠದಲ್ಲಿ ಪ್ರಸಾದಕ್ಕೆ ಕರೆದ ಮೇಲೆ ಕೂರದೆ ಹೋಗಬಾರದು. ಕೂತೆ. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಬಕೆಟ್ಟು ಹಿಡಿದು ಬಂದಳು. ಗೋಧಿ ಹುಗ್ಗಿಯೂ ಇಷ್ಟು ಘಮಘಮ ಎನ್ನುವುದಿಲ್ಲ, ಅಂಥ ಜೋಳದ ನುಚ್ಚು, ಬಿಸಿ ಸಾರು. "ಎಷ್ಟು ಹಾಕ್ಲಿರಿ?" "ಬ್ಯಾಡ," ಎಂದೆ ಬಿಗುಮಾನದಿಂದ. ಇನ್ನು ಒತ್ತಾಯ ಮಾಡುತ್ತಾಳೆ, ಆಗ ಒಂದಿಷ್ಟು ಹಾಕಿಸಿಕೊಂಡರಾಯಿತು ಎಂದು ಲೆಕ್ಕ ಹಾಕಿದ್ದೆ. ಆ ಪುಣ್ಯಾತ್ಗಿತ್ತಿ "ಆತ್ರಿ" ಎಂದು ಮುಂದೆ ಹೋಗಿಬಿಟ್ಟಳು!

ಶಿವನೇ! ಜೀವನದಲ್ಲಿ ಮೊದಲ ಸಲ ಖಾಲಿ ತಾಟಿನ ಮುಂದೆ ಕೂತಿದ್ದೆ. ಅಕ್ಕಪಕ್ಕದ ಮಕ್ಕಳು ಸೊರಸೊರ ಎಂದು ಉಣ್ಣುತ್ತಿದ್ದರು. ಮೊದಲು ಅವಮಾನವಾಯಿತು, ಆಮೇಲೆ ಹಸಿವಾಯಿತು. ಎದುರು ಸಾಲಿನಿಂದ ಸೌಮ್ಯ ನನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ತಿರುಗಿ ಬಂದು, ಮೊದಲ ಸಲ ಕೇಳುವವಳಂತೆ ಅದೇ ದನಿಯಲ್ಲಿ ಕೇಳಿದಳು: "ಎಷ್ಟು ಹಾಕ್ಲಿರಿ?" ತಾಟನ್ನು ಮುಂದೆ ಸರಿಸಿದೆ. "ಹಾಕವ್ವ, ಒಂದು ಸೌಟು," ಎಂದೆ. ಉಂಡೆ. ತಾಟು ತೊಳೆದು ಕುಡಿದೆ.

ಕೈ ತೊಳೆಯುವ ನಳದ ಹತ್ತಿರ ಅಕ್ಕೋರು ಬಂದು ನಿಂತರು. "ಬ್ಯಾಡ ಅಂದಾಕಿಗೆ ಹಾಕಿದ್ರ ಅದು ತಾಟಿನ್ಯಾಗ ಉಳೀತೈತಿ. ಬ್ಯಾಡ ಅಂದ್ಳಂತ ಕೇಳೂದ ಬಿಟ್ರ ಆಕಿ ಉಪವಾಸ ಉಳೀತಾಳ. ಅದಕ್ಕ ದಿನಾ ಕೇಳ್ತೇನ್ರಿ."

"ಪರೀಕ್ಷಾ ಬಂತಲ್ಲರಿ."

"ಪರೀಕ್ಷಾ ಬರ್ತಾವು, ಹೊಕ್ಕಾವು. ಹುಡುಗಿ ಕೈ ಬಿಟ್ಟು ಹೋಗಬಾರದು." ನಳ ನಿಲ್ಲಿಸಿ, "ಇನ್ನ ಜಗಳ ಶುರು ಮಾಡ್ರಿ," ಎಂದರು. ನಾನು ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅಕ್ಕೋರಿಗೆ ಎರಡೂ ಬರುತ್ತಿದ್ದವು.

ಆ ಪರೀಕ್ಷೆ ಬಂತು, ಹೋಯಿತು. ಸೌಮ್ಯ ಹೆಸರೂ ಬರೆಯದ ಖಾಲಿ ಹಾಳೆ ಕೊಟ್ಟು ಬಂದಳು. ನಾನು ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿದೆ.

ಅದಾದ ಮೇಲೊಂದು ಸಂಜೆ. ಒಲೆಯ ಮುಂದೆ ಕೂತಿದ್ದೆ, ಹಂಚಿನ ಮೇಲೆ ರೊಟ್ಟಿ ಇತ್ತು. ಸೌಮ್ಯ ಶಾಲೆಯಿಂದ ಬಂದು, ಚೀಲ ಇಳಿಸಿ, ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂತಳು. ಚೀಲದಲ್ಲಿ ಏನನ್ನೋ ಹುಡುಕುವ ಸಪ್ಪಳ. ನಾನು ತಿರುಗಲಿಲ್ಲ, ಕೇಳಲಿಲ್ಲ. ಅವಳೇ ಹೇಳಿದಳು:

"ಅವ್ವಾ, ಒಂದು ಹಾಕಿಸ್ಕೊಂಡ ಬಂದೇನಿ."

ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆಯಾಡುವ ತನಕ ನಾನು ಹಾಗೇ ಕೂತಿದ್ದೆ. ಬೆನ್ನಿಗೆ ಅವಳ ತೋಳು ಅಲ್ಲಾಡುವುದು ತಿಳಿಯುತ್ತಿತ್ತು. ಬರೆಯುತ್ತಿದ್ದಳು! ಒಂದೇ ಒಂದು ಕಳೆಯುವ ಲೆಕ್ಕ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ನನಗೆ ಬೀಸುವ ಕಲ್ಲೇ ಇಳಿದಂತಾಯಿತು. ಅಂದು ಬಂದ ಗಿರಾಕಿಗಳಿಗೆಲ್ಲ ಬೇಡವೆಂದರೂ ಬಿಡದೆ ಶೇಂಗಾ ಹೋಳಿಗೆ ಹಾಕಿದೆ. ಹಳೆಯ ಚಾಳಿ ಒಂದೇ ದಿನಕ್ಕೆ ಹೋಗುತ್ತದೆಯೇ?

ಅಕ್ಕೋರು ಬರೀ ಮೆತ್ತಗಿನವರು ಎಂದುಕೊಳ್ಳಬೇಡಿ. ಮುಂದೆ ಹುರುಪೇರಿ ಸೌಮ್ಯ ಒಮ್ಮೆ ಎಂಟು ಲೆಕ್ಕ ಹಾಕಿಸಿಕೊಂಡು ಬಂದು, ಮುಗಿಸದೆ ಹೋಗಿ, ಅತ್ತಳಂತೆ. ಅಕ್ಕೋರು ಕರಗಲಿಲ್ಲ. "ಹಾಕಿಸ್ಕೊಂಡಿದ್ದು ಉಣಬೇಕವ್ವ," ಎಂದು ಶಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಅವಳ ಪಕ್ಕ ಕೂತರಂತೆ. ಅಕ್ಕೋರ ಸವದತ್ತಿ ಬಸ್ಸು ಹೋಯಿತು, ಮುಂದಿನದೂ ಹೋಯಿತು. ಕೊನೆಯ ಲೆಕ್ಕ ಮುಗಿದ ಮೇಲೆಯೇ ಇಬ್ಬರೂ ಎದ್ದು ನನ್ನ ಖಾನಾವಳಿಗೆ ಬಂದರು. ಅಂದಿನಿಂದ ದಿನಾ ಬಸ್ಸಿಗೆ ಮೊದಲು ಇಲ್ಲಿ ಚಹಾ ಕುಡಿಯುವುದು ರೂಢಿಯಾಯಿತು. ರೊಟ್ಟಿ ಹಾಕಲು ಹೋದರೆ ತಾಟು ಎತ್ತಿಕೊಂಡೇ ಓಡುತ್ತಿದ್ದರು. ಚಹಾಕ್ಕೆ ಮಾತ್ರ ಎಂದೂ ಬೇಡ ಎಂದವರಲ್ಲ. "ಇದಕ್ಕ ಕೇಳಬಾರದ್ರಿ, ಸುಮ್ಮ ಹಾಕಬೇಕು," ಎನ್ನುತ್ತಿದ್ದರು.

ಸೌಮ್ಯ ಈಗ ಸವದತ್ತಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಬರೆಯುತ್ತಾಳೆ, ಬೇಕಾದಷ್ಟು ಬರೆಯುತ್ತಾಳೆ. ಅಕ್ಕೋರು ನಿವೃತ್ತರಾಗಿ ಅಲ್ಲೇ ತಮ್ಮನ ಮನೆಯಲ್ಲಿದ್ದರು. ಈ ವರ್ಷ ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಶ್ರಾವಣ ಬರುವ ಮೊದಲೇ ಹೋಗಿಬಿಟ್ಟರು. ಕೂರಿಸಿದ ದೇಹದ ಹಣೆಗೆ ಯಾರೋ ಹೊಸದಾಗಿ, ಅಚ್ಚುಕಟ್ಟಾಗಿ ವಿಭೂತಿ ಹಚ್ಚಿದ್ದರು. ಅಷ್ಟು ಚೊಕ್ಕ ಹಣೆ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಆದರೆ ಅಕ್ಕೋರನ್ನು ನೆನೆದಾಗ ನನಗೆ ಮೊದಲು ನೆನಪಾಗುವುದು ಅದಕ್ಕಿಂತ ಹಿಂದಿನ ಒಂದು ವಾರ.

ಅಕ್ಕೋರು ಊಟ ಬಿಟ್ಟಿದ್ದಾರೆ ಎಂದು ತಿಳಿದು ನವಣಕ್ಕಿಯ ಗಂಜಿ ಮಾಡಿಕೊಂಡು ಸೌಮ್ಯಳ ಜೊತೆ ಹೋದೆ. ಅವರ ತಮ್ಮನ ಹೆಂಡತಿ ಚಮಚ ಹಿಡಿದು ಪಾಪ ಅಳುತ್ತಿದ್ದಳು. "ಒಂದ ಗುಟುಕರ ಕುಡೀರಿ, ಅಕ್ಕಾ." ನಾನೂ ಸೇರಿಕೊಂಡೆ. ನನಗೆ ಬರುವುದು ಅದೊಂದೇ ಅಲ್ಲವೇ? "ನನ್ನ ಮುಖಾ ನೋಡಿ ಒಂದು ಚಮಚ ತಗೋರಿ, ಅಕ್ಕೋರ." ಅಕ್ಕೋರು ತುಟಿ ಬಿಗಿದು ಗೋಡೆಯ ಕಡೆ ತಿರುಗಿದರು.

ಸೌಮ್ಯ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಮಂಚದ ಆ ಬದಿಗೆ ಹೋಗಿ, ಮೊಣಕಾಲೂರಿ, ಕೇಳಿದಳು:

"ಎಷ್ಟು ಹಾಕ್ಲಿ, ಅಕ್ಕೋರ?"

ಅಕ್ಕೋರು ಕಣ್ಣು ಬಿಟ್ಟು ಅವಳನ್ನು ನೋಡಿದರು. ತಲೆ ಅಲ್ಲಾಡಿಸಿದರು. ಬೇಡ.

"ಆತ್ರಿ. ನಾಳಿ ಮತ್ತ ಕೇಳ್ತೇನಿ," ಎಂದು ಸೌಮ್ಯ ಬಟ್ಟಲು ಮುಚ್ಚಿಟ್ಟಳು. ನನ್ನ ಕೈ ಮತ್ತೆ ಬಟ್ಟಲಿನ ಕಡೆಗೇ ಹೋಯಿತು. ಗಂಜಿ ಆರುತ್ತಿದೆ, ಜೀವ ಸೊರಗುತ್ತಿದೆ, ಈ ಹುಡುಗಿ ನಾಳೆ ಎನ್ನುತ್ತಾಳಲ್ಲ ಎಂದು. ಆದರೂ ಬಾಯಿ ಬಿಡಲಿಲ್ಲ.

ಮರುದಿನ ಕಾಲೇಜು ಬಿಟ್ಟ ಮೇಲೆ ಹೋಗಿ ಕೇಳಿದಳಂತೆ. ಬೇಡ ಎಂದರಂತೆ. ಅದರ ಮರುದಿನವೂ ಹೋದಳು. ನಾನು ಖಾನಾವಳಿಯಲ್ಲಿ ಒಲೆಯ ಮುಂದೆ ಕೂತಿದ್ದೆ, ಫೋನು ಬಂತು. ಹಿಟ್ಟಿನ ಕೈಯಲ್ಲೇ ಕಿವಿಗೆ ಹಿಡಿದೆ. ಆ ಕಡೆಯಿಂದ ಸೌಮ್ಯಳ ದನಿ ನಡುಗುತ್ತಿತ್ತು, ನಗುತ್ತಲೂ ಇತ್ತು:

"ಅವ್ವಾ, ಒಂದು ಹಾಕಿಸ್ಕೊಂಡ್ರು."