ಶಿಯಾನ್ ಬೀದಿಯಲ್ಲಿ ಮಾವ ಕಾಣೆಯಾದಾಗ

ಕಳೆದ ವರ್ಷ ನವೆಂಬರ್‌ನಲ್ಲಿ ನಾನು ಚೀನಾ ನೋಡಿ ಬಂದೆ! ಬಂಗಾರಪೇಟೆಯಲ್ಲಿ ನಮ್ಮದು ಪಶು ಆಹಾರದ ಅಂಗಡಿ. ಚೆನ್ನಾಗಿ ಮಾರಿದ ಡೀಲರ್‌ಗಳಿಗೆ ಕಂಪನಿಯವರು ಪ್ರವಾಸ ಕೊಟ್ಟರು, ಮನೆಗಿಬ್ಬರಂತೆ. ವಿಮಾನ ಅಂದರೆ ನಮ್ಮ ಯಜಮಾನರಿಗೆ ಕೈಕಾಲು ನಡುಕ. "ನಾನ್ ಬತ್ತೀನಿ ಕಣಮ್ಮಾ" ಎಂದು ಮಾವ ಎದ್ದೇಬಿಟ್ಟರು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಮುಚ್ಚುವವರೆಗೂ ದಿನಾ ಪಾತಾಳಕ್ಕೆ ಇಳಿದು ಬಂದವರು, ಆಕಾಶಕ್ಕೆ ಹೆದರುತ್ತಾರೆಯೇ?

ಶಿಯಾನ್ ಊರಿನ ಹತ್ತಿರ ಮಣ್ಣಿನ ಸೈನಿಕರನ್ನು ನೋಡಿದೆವು. ಸಾಲುಸಾಲು ನಿಂತಿದ್ದಾರೆ, ಒಬ್ಬರ ಮುಖದಂತೆ ಇನ್ನೊಬ್ಬರದಿಲ್ಲ! ರೈತರು ಬಾವಿ ತೋಡುವಾಗ ಇವು ಸಿಕ್ಕವು ಎಂದು ಗೈಡ್ ಹೇಳಿದರೆ ಮಾವ ಕೇಳಿದ್ದು, "ಅದೆಲ್ಲಾ ಸರಿ, ನೀರ್ ಬಿತ್ತಾ?" ನಮ್ಮ ಕಡೆಯವರೆಲ್ಲ ಬಿದ್ದುಬಿದ್ದು ನಕ್ಕರು.

ಮರುದಿನ ಬೆಳಿಗ್ಗೆ ತಿಂಡಿ ಬೀದಿಗೆ ಹೋದೆವು. ಮಧ್ಯಾಹ್ನ ಬೀಜಿಂಗ್ ರೈಲು. ಹನ್ನೊಂದಕ್ಕೆ ಬೀದಿ ಶುರುವಾಗುವ ಕಡೆಯ ಗೋಪುರದ ಹತ್ತಿರ ಸೇರಬೇಕೆಂದು ಗೈಡ್ ಹೇಳಿದ್ದರು. ಆ ಬೀದಿಯಲ್ಲಿ ಗಟ್ಟಿ ರೊಟ್ಟಿಯನ್ನು ನಾವೇ ಚೂರು ಮಾಡಿ ಬಟ್ಟಲು ತುಂಬಿಕೊಟ್ಟರೆ ಮೇಲೆ ಬಿಸಿಬಿಸಿ ಮಟನ್ ಸಾರು ಹುಯ್ದು ಕೊಡುತ್ತಾರೆ. ಮಾವ ಬೆವರು ಒರೆಸಿಕೊಳ್ಳುತ್ತಾ ಎರಡು ಬಟ್ಟಲು ಖಾಲಿ ಮಾಡಿದರು. ನನಗಂತೂ ಬೆಲ್ಟಿನಷ್ಟು ಅಗಲದ ನೂಡಲ್ಸ್ ಮೇಲೇ ಕಣ್ಣು.

ಮುಂದೆ ಇಬ್ಬರು ದೊಡ್ಡ ಸುತ್ತಿಗೆಗಳಿಂದ ಕಡಲೆಕಾಯಿ ಮಿಠಾಯಿ ಕುಟ್ಟುತ್ತಿದ್ದರು. "ಮಾವಾ, ಬನ್ನಿ ಬನ್ನಿ!" ಎನ್ನುತ್ತಾ ವಿಡಿಯೋ ಮಾಡಲು ಜನರ ಮಧ್ಯೆ ನುಗ್ಗಿದೆ. ತಿರುಗಿ ನೋಡಿದರೆ ಮಾವ ಇಲ್ಲ.

ಅವರ ಹತ್ತಿರ ಫೋನಿಲ್ಲ, ಪಾಸ್‌ಪೋರ್ಟ್ ನನ್ನ ಬ್ಯಾಗಲ್ಲಿ, ಬರುವುದು ಕನ್ನಡ, ತಮಿಳು, ತೆಲುಗು. ನನ್ನನ್ನು ಹುಡುಕಿಕೊಂಡು ಮುಂದೆ ಹೋಗಿರಬೇಕೆಂದು ಬೀದಿಯ ಕೊನೆವರೆಗೂ ಓಡಿದೆ. ಸಂದಿಗೊಂದಿ ನೋಡಿದೆ. ಗೋಪುರಕ್ಕೂ ಓಡಿದೆ. ಅಲ್ಲಿ ನಮ್ಮವರೆಲ್ಲ ಬಸ್ ಹತ್ತಿದ್ದರು. "ಇನ್ನು ಇಪ್ಪತ್ತೇ ನಿಮಿಷ" ಎಂದರು ಗೈಡ್. ಯಜಮಾನರಿಗೆ ಏನೆಂದು ಫೋನ್ ಮಾಡಲಿ? ಅಳುತ್ತಲೇ ಮತ್ತೆ ಬೀದಿಗೆ ನುಗ್ಗಿದೆ. ಎಲ್ಲ ಅಂಗಡಿಗೂ ಅದೇ ಕೆಂಪು ಬೋರ್ಡು!

ಮಿಠಾಯಿ ಕುಟ್ಟುವ ಸದ್ದು ನಿಂತಿತ್ತು. ಆಗ ಕೇಳಿಸಿತು. ಟಣ್ ಟಣ್ ಟಣ್. ಸ್ವಲ್ಪ ತಡೆದು ಮತ್ತೆ ಮೂರು ಸಲ. ಮನೆಯಲ್ಲಿ ಕಾಫಿ ಬೇಕಾದಾಗ ಮಾವ ಲೋಟ ಬಡಿಯುವುದು ಹೀಗೆಯೇ! ಶಬ್ದ ಹಿಡಿದು ಓಡಿದೆ. ಮಿಠಾಯಿ ಅಂಗಡಿಗಿಂತ ಮೊದಲು ಸಿಗುವ ನೂಡಲ್ಸ್ ಅಂಗಡಿ ಮುಂದೆ, ನಾನು ಅವರನ್ನು ಬಿಟ್ಟು ನುಗ್ಗಿದ ಜಾಗದಲ್ಲೇ, ಮಾವ ಸ್ಟೂಲ್ ಮೇಲೆ ಕೂತು ಸ್ಟೀಲ್ ಬಟ್ಟಲನ್ನು ಚಮಚದಿಂದ ಬಡಿಯುತ್ತಿದ್ದರು. ಅಂಗಡಿಯ ಹೆಂಗಸು ಅವರ ಮುಂದೆ ಚಹಾ ಇಟ್ಟು, ತಾನೂ ಒಂದು ಪಾತ್ರೆ ಬಡಿಯುತ್ತಿದ್ದಳು!

"ಎಲ್ಲೋಗಿದ್ರಿ ಮಾವಾ?" ಎಂದು ಅತ್ತುಬಿಟ್ಟೆ.

"ನಾನೆಲ್ಲೋದೆ? ಕಳ್ದೋಗಿದ್ದು ನೀನು. ಗಣಿಯೊಳ್ಗೆ ದೀಪ ಕೆಟ್ರೆ ಇದ್ದ ಜಾಗ ಬಿಡಬಾರ್ದು ಕಣಮ್ಮಾ. ಕೂತ್ಕೊಂಡು ಬಡೀತಿರ್ಬೇಕು. ನಮ್ಮೋರು ಬಂದೇ ಬತ್ತಾರೆ."

ಆ ಹೆಂಗಸಿಗೆ ಕೈಮುಗಿದು, ಮಾವನ ಕೈ ಹಿಡಿದು ಓಡಿದೆ. ಬಸ್ಸೂ ಸಿಕ್ಕಿತು, ರೈಲೂ ಸಿಕ್ಕಿತು. ಬೀಜಿಂಗ್‌ನಲ್ಲಿ ಮಹಾಗೋಡೆಯನ್ನೂ ಹತ್ತಿದೆವು. ಆದರೂ ಈಗಲೂ ನೆನಪಾಗುವುದು ಆ ಬೀದಿಯೇ. ಅಷ್ಟು ಹೊತ್ತೂ ಮಾವ ಎಲ್ಲೋ ದಾರಿ ತಪ್ಪಿ ಹೋಗಿರುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಸೊಸೆ ಬಂದೇ ಬರುತ್ತಾಳೆ ಎಂದು ಅವರು ಕೂತಿದ್ದರು.