ನೆಲಕ್ಕೆ ಕೂರುವ ಶಾಸಕರ ಜೊತೆ ತೀರ್ಥಹಳ್ಳಿಗೆ

ಸಾಗರದಿಂದ ನಾವು ಹೊರಟದ್ದು ನನ್ನ ತಮ್ಮನ ಹಳೇ ವ್ಯಾನಿನಲ್ಲಿ. ಶಾಸಕರ ಕಾರು, ಗನ್‌ಮ್ಯಾನು ಎರಡೂ ಮನೆಯಲ್ಲೇ ಉಳಿದವು. ಇವರಿಗೆ, ಅಂದರೆ ಶಾಸಕರಾದ ನನ್ನ ಯಜಮಾನರಿಗೆ, ಹಿಂದಿನ ದಿನದಿಂದ ಜ್ವರ. ಸಾಗರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಡಂಗುರ. ಅದಕ್ಕೇ ತೀರ್ಥಹಳ್ಳಿಯಲ್ಲಿ ಡಾಕ್ಟರಾಗಿರುವ ನನ್ನ ಭಾವನ ಹತ್ತಿರ ಹೋಗುವುದೆಂದಾಯಿತು.

ಹೆದರಿಕೆಗೆ ಕಾರಣವಿತ್ತು. ಹಿಂದಿನ ವಾರ ಜೋಗದ ಕಡೆಯ ಹಳ್ಳಿಯೊಂದರಲ್ಲಿ ಮಂಗ ಸತ್ತಿತ್ತು. ಬೇಸಿಗೆ ಶುರುವಾಗುವಾಗ ಮಂಗ ಸತ್ತರೆ ನಮ್ಮ ಕಡೆ ಎದೆ ಧಸಕ್ಕೆನ್ನುತ್ತದೆ. ಅದರ ಮೈಯಿಂದ ಉದುರಿ ಒಣ ಎಲೆಯಲ್ಲಿ ಅಡಗುವ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿದರೆ ಮಂಗನ ಕಾಯಿಲೆ, ಬದುಕಿದರೆ ಪುಣ್ಯ. ಜನರಿಗೆ ಧೈರ್ಯ ಹೇಳಲು ಹೋದ ಈ ಮಹಾರಾಯರು ಒಣ ಎಲೆಯ ರಾಶಿಯ ಮೇಲೇ ಕೂತು ಮಾತಾಡಿ ಬಂದಿದ್ದರು.

ಏನು ಮಾಡುವುದು, ಇವರ ರಾಜಕೀಯವೇ ಅದು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಕಳೆದುಕೊಂಡವರ ಮಗ. ಬಾಡಿಗೆ ಜೀಪು ಓಡಿಸುತ್ತಿದ್ದರು. ಒಂದು ಬೇಸಿಗೆ ಈ ಕಾಯಿಲೆ ಹಬ್ಬಿದಾಗ, ಬೇರೆ ಗಾಡಿಯವರು ಬರಲು ಒಪ್ಪದ ಹಳ್ಳಿಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಿದರು. ಆ ಜನರೇ ಇವರನ್ನು ಪಂಚಾಯ್ತಿಗೆ ನಿಲ್ಲಿಸಿದರು, ಆಮೇಲೆ ವಿಧಾನಸಭೆಗೆ. ಇವತ್ತಿಗೂ ಯಾರ ಅಂಗಳಕ್ಕೆ ಹೋದರೂ ಕುರ್ಚಿ ಬೇಡವೆಂದು ನೆಲಕ್ಕೇ ಕೂರುತ್ತಾರೆ. ವಿರೋಧಿಗಳು ನಾಟಕ ಎನ್ನುತ್ತಾರೆ. ನನ್ನನ್ನು ನೋಡಲು ಬಂದ ದಿನವೂ ನೆಲಕ್ಕೇ ಕೂತಿದ್ದರು, ಅದನ್ನು ಯಾರಿಗೆ ಹೇಳಲಿ?

ಹೊಸನಗರದಲ್ಲಿ ಇಡ್ಲಿಗೆ ನಿಂತೆವು. “ಎಂತ ಸಾರ್, ಮುಖ ಬಾಡಿದ್ಯಲ್ಲ?” ಎಂದ ಹೋಟೆಲಿನವನು.

“ಬಿಸ್ಲು ಮಾರಾಯ,” ಎಂದು ಇವರು ನಕ್ಕರು. ಕಣ್ಣು ಕೆಂಪಗಾಗಿತ್ತು. ಇವರಿಗೇನಾದರೂ ಆದರೆ ನನ್ನ ಗತಿಯೇನು ಎಂಬುದೊಂದೇ ತಲೆಯಲ್ಲಿ.

ಕೋಣಂದೂರು ದಾಟಿದ ಮೇಲೆ ವ್ಯಾನು ಬಿಸಿಯಾಗಿ ನಿಂತಿತು. ನನ್ನ ತಮ್ಮ ನೀರು ಕೇಳಲು ಕಾಡಿನಂಚಿನ ಒಂದು ಮನೆಗೆ ಹೋದ, ನಾವೂ ಅವನ ಹಿಂದೆಯೇ ನಡೆದೆವು. ಅಂಗಳದಲ್ಲಿ ಒಣ ಎಲೆ ಗುಡ್ಡೆ ಹಾಕುತ್ತಿದ್ದ ಗಿರಿಜಾ ಎಂಬ ಹೆಂಗಸು ಇವರ ಗುರುತು ಹಿಡಿದಳು.

“ಹಿತ್ಲಲ್ಲಿ ಮಂಗ ಸತ್ತದೆ ಸಾರ್. ಫೋನ್ ಮಾಡಿ ಮಾಡಿ ಸಾಕಾತು, ಯಾರೂ ಬರ್ಲಿಲ್ಲ,” ಎನ್ನುತ್ತ ಎಲೆಯ ಪಕ್ಕದಲ್ಲೇ ಕೂತಳು. ಇವರೂ ಅಭ್ಯಾಸದಂತೆ ಕೂರಲು ಬಗ್ಗಿದರು. ನಾನು ರಟ್ಟೆ ಹಿಡಿದು ಎಳೆದೆ.

“ರೀ, ಕೂರ್ಬೇಡಿ! ಉಣುಗು ಇರ್ತದೆ!”

ಇವರು ನಿಂತೇ ಫೋನು ತೆಗೆದು ಆರೋಗ್ಯಾಧಿಕಾರಿಗೆ ಜೋರು ಮಾಡಿದರು. ಗಿರಿಜಾ ಎಲೆಯ ಪಕ್ಕ ಕೂತೇ ಇದ್ದಳು. ನೀರು ತುಂಬಿಸಿಕೊಂಡು ಹೊರಟೆವು.

ತೀರ್ಥಹಳ್ಳಿಯಲ್ಲಿ ಭಾವ ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಅಕ್ಕ ಮಾಡಿದ ಗಂಜಿ ಕುಡಿದು ಇವರು ಮಲಗಿದರು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮೂರನೆಯ ದಿನ ವರದಿ ಬಂತು. ಬರೀ ವೈರಲ್ ಜ್ವರ, ಮಂಗನ ಕಾಯಿಲೆ ಅಲ್ಲ! ಅಕ್ಕನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಹಿಂದಿರುಗುವಾಗ ಆ ಅಂಗಳದೆದುರು ನಾನೇ ವ್ಯಾನು ನಿಲ್ಲಿಸಿದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿಗಳನ್ನು ಭಾವನಿಂದ ತಂದಿದ್ದೆ. ಗಿರಿಜಾ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಹಣೆ ಮುಟ್ಟಿದರೆ ಕೆಂಡ.

ಇವರು ತಮ್ಮನಿಂದ ಕೀಲಿ ಇಸಿದುಕೊಂಡು, ಹಳೇ ಕಾಲದ ಜೀಪ್ ಡ್ರೈವರಿನಂತೆ ಸ್ಟಿಯರಿಂಗ್ ಮುಂದೆ ಕೂತರು. ವ್ಯಾನು ಮತ್ತೆ ತೀರ್ಥಹಳ್ಳಿಯ ಕಡೆ ತಿರುಗಿತು. ಹಿಂದಿನ ಸೀಟಿನಲ್ಲಿ ಗಿರಿಜಾಳ ತಲೆ ನನ್ನ ತೊಡೆಯ ಮೇಲಿತ್ತು. ಎಣ್ಣೆಯ ಬಾಟಲಿಗಳು ಕಾಲ ಬಳಿ ಉರುಳಾಡುತ್ತಿದ್ದವು.

ಸ್ವಲ್ಪ ದೂರ ಹೋದ ಮೇಲೆ ಅವಳು ಕಣ್ಣು ತೆರೆದಳು.

“ಅಮ್ಮಾ, ಅವತ್ತು ಸಾರ್‌ಗೆ ಕೂರ್ಬೇಡಿ ಅಂದ್ರಲ್ಲ,” ಎಂದಳು. “ನಂಗ್ಯಾಕೆ ಏಳು ಅನ್ಲಿಲ್ಲ?”